ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಸ್ವೀಡನ್ನಿನ ಉಪ್ಸಾಲಾದ ನಮ್ಮ ಕ್ರೈಸ್ತ ಸಭೆಗೆ ಹೊಸದಾಗಿ ಹೋಗಲಿರುವ ತರುಣ ಸಭಾಪಾಲಕರೊಬ್ಬರು ಹೋದ ತಿಂಗಳು ಫೋನ್ ಮಾಡಿದ್ದರು. ‘ಅಂಕಲ್, ಅಲ್ಲಿಗೆ ಏನೇನು ತಯಾರಿ ಮಾಡಿಕೊಳ್ಳಬೇಕು?’ ಅಂದರು. ‘ಉಣ್ಣೆಯ ಒಳ ಉಡುಪು ಎರಡು ಜೊತೆ, ಜಾರದ ಬೂಟು ಒಂದು ಜೊತೆ’ ಅಂದೆ. ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು. ಹನ್ನೊಂದು ವರ್ಷ ಅಲ್ಲಿ ಕೆಲಸ ಮಾಡಿ ಬಂದವನಿಗೆ ಕಿರಿಯನೊಬ್ಬನಿಗೆ ಹೇಳಲು ಸಿಕ್ಕಿದ್ದು ಇಷ್ಟೇನಾ? ಆದರೆ ಬೇರೇನು ಹೇಳಬೇಕೆಂದು ನನಗೆ ಆಗ ಹೊಳೆಯಲಿಲ್ಲ, ಈಗಲೂ ಸರಿಯಾಗಿ ಹೊಳೆದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬುದ್ಧಿಮಾತು ಬೇಕಾದವರು ಬೇರೆಯವರನ್ನು ಕೇಳಲಿ. ನನ್ನ ಹತ್ತಿರ ಇರುವುದು ಪೇಚಾಟ ಮಾತ್ರ.

ನಾನು ಗದಗ-ಬೆಟಗೇರಿಯವನು. ಊರ ಕಡೆಯ ಸಭೆಗಳಲ್ಲಿ ಇಪ್ಪತ್ತೈದು ವರ್ಷ ದುಡಿದು, ಐವತ್ತು ದಾಟಿದ ಮೇಲೆ ಹೆಂಡತಿ ಕರುಣಾಳ ಜೊತೆ ಸ್ವೀಡನ್ನಿಗೆ ಹೋದೆ. ಅಲ್ಲಿ ನಮ್ಮದು ಇಂಗ್ಲಿಷಿನಲ್ಲಿ ಆರಾಧನೆ ನಡೆಸುವ ಸಭೆ. ನೈಜೀರಿಯಾ, ಘಾನಾ, ಫಿಲಿಪೀನ್ಸ್, ಕೇರಳ, ಇರಾನ್, ಎಲ್ಲ ಕಡೆಯವರೂ ಇದ್ದರು. ಸ್ವೀಡನ್ನಿನವರೂ ಕೆಲವರಿದ್ದರು. ಸ್ವಂತ ಕಟ್ಟಡವಿರಲಿಲ್ಲ. ಒಂದು ಸ್ವೀಡಿಷ್ ಸಭೆಯವರು ಬೆಳಗ್ಗೆ ತಮ್ಮ ಆರಾಧನೆ ಮುಗಿಸಿ, ಮಧ್ಯಾಹ್ನ ಎರಡು ಗಂಟೆಗೆ ಕಟ್ಟಡವನ್ನು ನಮಗೆ ಬಿಟ್ಟುಕೊಡುತ್ತಿದ್ದರು. ಊರಿನಲ್ಲಿ ಕನ್ನಡದವರಿಗೇನೂ ಕೊರತೆಯಿರಲಿಲ್ಲ. ಬೆಂಗಳೂರಿನ ಸಾಫ್ಟ್‌ವೇರಿನವರು, ಭಟ್ಕಳದ ಎಂಜಿನಿಯರ್ ಕುಟುಂಬಗಳು ಹಬ್ಬಕ್ಕೆ ಕರೆದು ಹೊಟ್ಟೆ ತುಂಬ ಬಡಿಸುತ್ತಿದ್ದರು. ಆದರೆ ನಮ್ಮ ಸಭೆಗೆ ಬರುವ ಕನ್ನಡದವರು ಅಂದರೆ ನಾನು, ಕರುಣಾ, ಆಮೇಲೆ ಬಂದ ಶಾಂತಾ, ಮೂರೇ ಜನ. ಶಾಂತಾ ಎನ್ನುವುದು ಅವಳ ನಿಜವಾದ ಹೆಸರಲ್ಲ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಒಪ್ಪಿಗೆ ಪಡೆಯಬೇಕು ಅನ್ನುವುದನ್ನು ಕಲಿಯಲು ನನಗೆ ಎಷ್ಟು ಕಾಲ ಹಿಡಿಯಿತು ಎನ್ನುವುದೇ ಈ ಕಥೆ.

ಸಭೆಯ ಆಡಳಿತ ಮಂಡಳಿಗೆ ಇಂಗ್ರಿಡ್ ಎಂಬ ಹಿರಿಯ ಮಹಿಳೆ ಅಧ್ಯಕ್ಷೆ. ಮೊದಲು ಶಾಲೆಯೊಂದರ ಮುಖ್ಯಾಧ್ಯಾಪಕಿಯಾಗಿದ್ದವರು. ಊರಿನಲ್ಲಿ ನನ್ನ ಮೇಲಿನವರು ಬಯ್ದರೆ ಬೀದಿಗೆಲ್ಲ ಕೇಳಿಸುತ್ತಿತ್ತು, ಬಯ್ಸಿಕೊಂಡು ಚಹಾ ಕುಡಿದು ಮನೆಗೆ ಬರುತ್ತಿದ್ದೆ. ಇಂಗ್ರಿಡ್ ಬಯ್ಯುತ್ತಿರಲಿಲ್ಲ. ‘ಇದನ್ನು ನಾವು ಸ್ವಲ್ಪ ಬೇರೆ ರೀತಿ ಯೋಚಿಸಬಹುದೇನೋ’ ಅನ್ನುತ್ತಿದ್ದರು, ದಾಲ್ಚಿನ್ನಿ ಬನ್ನಿನ ತಟ್ಟೆ ನನ್ನ ಕಡೆ ಸರಿಸುತ್ತಾ. ಅದು ಛೀಮಾರಿ ಎಂದು ಗೊತ್ತಾಗಲು ನನಗೆ ಮೂರು ವರ್ಷ ಬೇಕಾಯಿತು. ಅಲ್ಲಿಯವರೆಗೆ ನಾನು ಬನ್ ತಿಂದು, ಎಲ್ಲ ಸುಸೂತ್ರವಾಗಿದೆ ಅಂದುಕೊಂಡು ಮನೆಗೆ ಹೋಗುತ್ತಿದ್ದೆ.

ಮೊದಲ ದೊಡ್ಡ ಎಡವಟ್ಟು ಮನೆ ಭೇಟಿಯದು. ನಮ್ಮ ಕಡೆ ಸಭಾಪಾಲಕ ಅಂದರೆ ಹೇಳದೆ ಕೇಳದೆ ಮನೆಗೆ ಹೋಗುವವನು. ಹೇಳಿ ಹೋದರೆ ‘ಯಾಕ್ರೀ, ನಾವೇನು ಪರರಾ?’ ಎಂದು ಮುನಿಸಿಕೊಳ್ಳುತ್ತಾರೆ. ಲಾರ್ಸ್ ಎಂಬ ಎಂಜಿನಿಯರ್ ಒಬ್ಬರು ಎಸ್ಕಿಲ್‌ಸ್ಟುನಾದಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಮೂರು ಭಾನುವಾರ ಕಾಣಲಿಲ್ಲ. ಪಾಪ, ಏನಾಯಿತೋ ಎಂದು ನಾನೇ ರೈಲು ಬದಲಾಯಿಸಿಕೊಂಡು ಹೋಗಿ ಅವರ ಮನೆಯ ಗಂಟೆ ಒತ್ತಿದೆ. ನನ್ನ ಕೊರಳಪಟ್ಟಿ ನೋಡಿದ್ದೇ ಲಾರ್ಸ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. ‘ಯಾರು?’ ಅಂದರು. ಹಿಂದಿನಿಂದ ಬಂದ ಅವರ ಹೆಂಡತಿ ಬಾಯಿಗೆ ಕೈ ಇಟ್ಟು ಅಳಲು ಶುರು ಮಾಡಿದರು. ಆ ದೇಶದಲ್ಲಿ ಪಾದ್ರಿ ಮುಂಚೆ ತಿಳಿಸದೆ ಬಾಗಿಲಿಗೆ ಬಂದರೆ ಸಾವಿನ ಸುದ್ದಿ ತಂದಿದ್ದಾನೆ ಅಂದುಕೊಳ್ಳುತ್ತಾರೆ, ಅವರ ಮಗ ಬೇರೆ ದೂರದ ಉಮೆಯೊ ಊರಿನಲ್ಲಿ ಓದುತ್ತಿದ್ದ. ‘ಇಲ್ಲ, ಇಲ್ಲ, ಸುಮ್ಮನೆ ಬಂದೆ’ ಎಂದು ನಾಲ್ಕು ಸಲ ಹೇಳಿದೆ. ಸುಮ್ಮನೆ ಬರುವುದು ಅಂದರೆ ಏನು ಎಂದು ಅವರಿಗೆ ಕೊನೆಗೂ ಅರ್ಥವಾಗಲಿಲ್ಲ. ಕಾಫಿ ಕೊಟ್ಟರು, ಆದರೆ ಆ ತಾಯಿ ಮೊದಲು ಮಗನಿಗೆ ಫೋನ್ ಮಾಡಿ ಮಾತಾಡಿಯೇ ಕೂತರು. ಮಂಡಳಿಯ ಮುಂದಿನ ಸಭೆಯಲ್ಲಿ ಇಂಗ್ರಿಡ್, ಭೇಟಿಗೆ ಮುಂಚೆ ಒಂದು ಮೆಸೇಜ್ ಕಳಿಸುವುದರ ಬಗ್ಗೆ ಸ್ವಲ್ಪ ಯೋಚಿಸಬಹುದೇನೋ ಅಂದರು. ನಾನು ಬನ್ ತಿಂದೆ.

ಅಂದಿನಿಂದ ಮನೆ ಭೇಟಿ ಹೆಚ್ಚುಕಡಿಮೆ ನಿಂತೇಹೋಯಿತು. ಹೇಳಿ ಹೋದರೆ ಮನೆ ಒಪ್ಪವಾಗಿರುತ್ತದೆ, ಎಲ್ಲರೂ ಚೆನ್ನಾಗಿರುತ್ತಾರೆ, ಯಾರೂ ಏನೂ ಹೇಳುವುದಿಲ್ಲ. ಅಲ್ಲಿಯ ಜನ ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಮೇಣದಬತ್ತಿ ಹಚ್ಚುವುದೇ ಹೆಚ್ಚು. ಚರ್ಚಿನ ಮೂಲೆಯಲ್ಲಿ ಭೂಗೋಳದ ಆಕಾರದ ಕಬ್ಬಿಣದ ಚೌಕಟ್ಟೊಂದಿತ್ತು. ಒಬ್ಬೊಬ್ಬರಾಗಿ ಹೋಗಿ ಅದರಲ್ಲಿ ಬತ್ತಿ ಹಚ್ಚಿ, ಒಂದು ನಿಮಿಷ ನಿಂತು, ಬಂದು ಕೂರುತ್ತಿದ್ದರು. ಯಾರಿಗಾಗಿ ಹಚ್ಚಿದರೆಂದು ಯಾರೂ ಕೇಳುತ್ತಿರಲಿಲ್ಲ. ನನಗೋ ಹೋಗಿ ಕೇಳಿಬಿಡಬೇಕು ಅನ್ನಿಸುತ್ತಿತ್ತು. ಹೀಗೆ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ನನ್ನ ಕೈಯಲ್ಲಿ ಉಳಿದದ್ದು ಒಂದೇ, ಭಾನುವಾರದ ವಿಜ್ಞಾಪನೆ, ಅಂದರೆ ಆರಾಧನೆಯ ನಡುವೆ ಸಭೆಯವರ ಕಷ್ಟಗಳಿಗಾಗಿ ಮಾಡುವ ಪ್ರಾರ್ಥನೆ.

ಊರಲ್ಲಿ ನಾನು ಅದಕ್ಕಾಗಿ ಒಂದು ಪುಸ್ತಕ ಇಟ್ಟಿದ್ದೆ. ಯಾರಿಗೆ ಆಪರೇಷನ್, ಯಾರಿಗೆ ಕೆಲಸವಿಲ್ಲ, ಯಾರ ಮಗಳಿಗೆ ಗಂಡು ಗೊತ್ತಾಗಿಲ್ಲ, ಎಲ್ಲ ಬರೆದುಕೊಂಡು ಭಾನುವಾರ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದೆ. ಹೆಸರು ಬಿಟ್ಟುಹೋದರೆ ಜಗಳಕ್ಕೆ ಬರುತ್ತಿದ್ದರು. ‘ಹೋದ ವಾರ ನನ್ನ ಗರ್ಭಕೋಶದ ಆಪರೇಷನ್ನು ನೀವು ನೆನಸಲೇ ಇಲ್ಲಲ್ರೀ’ ಎಂದು ಒಬ್ಬ ಹೆಂಗಸು ಸಂತೆಯ ನಡುವೆ ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಹೆಸರು ಹೇಳುವುದೇ ಪ್ರೀತಿ ಎಂದು ನಾನು ಕಲಿತದ್ದು. ಉಪ್ಸಾಲಾದಲ್ಲೂ ಅದೇ ಪುಸ್ತಕ, ಅದೇ ಪದ್ಧತಿ. ನೈಜೀರಿಯಾದವರೂ ಫಿಲಿಪೀನ್ಸಿನವರೂ ಖುಷಿಯಿಂದ ಹೆಸರು ಬರೆಸುತ್ತಿದ್ದರು, ಹಾಗಾಗಿ ನನಗೆ ಯಾವ ಅನುಮಾನವೂ ಬರಲಿಲ್ಲ.

ಶಾಂತಾ ಧಾರವಾಡದ ಹುಡುಗಿ. ಬೆಂಗಳೂರಿನಲ್ಲಿ ಓದಿ, ಉಪ್ಸಾಲಾದ ಔಷಧ ಕಂಪನಿಯೊಂದರಲ್ಲಿ ಸಂಶೋಧಕಿಯಾಗಿದ್ದಳು. ವಯಸ್ಸು ಮೂವತ್ತೈದರ ಹತ್ತಿರ, ಒಂಟಿಯಾಗಿದ್ದಳು. ಒಂದು ಜನವರಿ ತಿಂಗಳು, ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದಳು. ಕರುಣಾ ಅಂಗಡಿಗೆ ಹೋಗಿದ್ದಳು. ಕೋಟು ಕೂಡ ಬಿಚ್ಚದೆ ಕೂತು, ಎದೆಯಲ್ಲಿ ಗಂಟು ಇದೆ, ಕ್ಯಾನ್ಸರ್ ಎಂದು ಖಚಿತವಾಗಿದೆ, ಬರುವ ಸೋಮವಾರದಿಂದ ಕೀಮೋ ಅಂದಳು.

‘ಅವ್ವಗ ಹೇಳಿದಿಯೇನವಾ?’ ಅಂದೆ.

‘ಇಲ್ಲ ಪಾಸ್ಟರ್. ಹೇಳೋದೂ ಇಲ್ಲ. ಅಪ್ಪಂಗೂ ಇದೇ ಆಗಿತ್ತು. ಎರಡು ವರ್ಷ ಅಮ್ಮಾನೇ ನೋಡ್ಕೊಂಡ್ಲು. ಇನ್ನೊಂದ್ಸಲ ಅವಳು ಇದನ್ನ ನೋಡಬಾರದು. ಪ್ಲೀಸ್, ಅಮ್ಮನಿಗೆ ಮಾತ್ರ ಗೊತ್ತಾಗಬಾರದು.’

‘ಆತವಾ, ನಾ ಹೇಳಂಗಿಲ್ಲ’ ಅಂದೆ. ದೇವರ ಸಾಕ್ಷಿಯಾಗಿ ಮಾತು ಕೊಟ್ಟೆ. ಕೊಟ್ಟ ಮಾತನ್ನು ಉಳಿಸಿಕೊಂಡೆ ಎಂದೇ ಇವತ್ತಿಗೂ ನನ್ನ ಮನಸ್ಸಿನ ಒಂದು ಮೂಲೆ ವಾದಿಸುತ್ತದೆ. ಯಾಕೆಂದರೆ ನಾನು ಅವಳ ತಾಯಿಗೆ ಹೇಳಲಿಲ್ಲ. ದೇವರಿಗೆ ಹೇಳಿದೆ. ಆ ಭಾನುವಾರ ವಿಜ್ಞಾಪನೆಯಲ್ಲಿ, ಕಣ್ಣುಮುಚ್ಚಿ, ಮನಸ್ಸು ತುಂಬಿ, ‘ನಮ್ಮ ಮಗಳು ಶಾಂತಾಳಿಗೆ ನಾಳೆಯಿಂದ ಕ್ಯಾನ್ಸರ್ ಚಿಕಿತ್ಸೆ ಆರಂಭವಾಗುತ್ತದೆ ಕರ್ತನೇ, ಅವಳ ಕೈ ಬಿಡಬೇಡ’ ಎಂದು ಇಂಗ್ಲಿಷಿನಲ್ಲಿ ಪ್ರಾರ್ಥಿಸಿದೆ. ಆಮೆನ್ ಎಂದು ಕಣ್ಣು ತೆರೆದರೆ ಮೂರನೇ ಸಾಲಿನಲ್ಲಿ ಶಾಂತಾ ಇರಲಿಲ್ಲ. ಬಾಗಿಲು ಇನ್ನೂ ಅಲ್ಲಾಡುತ್ತಿತ್ತು. ಐದನೇ ಸಾಲಿನಲ್ಲಿ ಅವಳ ಪ್ರಯೋಗಾಲಯದವನೇ ಒಬ್ಬ ಕೂತಿದ್ದ.

ಇನ್ನೊಂದು ವಿಷಯ ನನ್ನ ತಲೆಗೆ ಹೋಗಿರಲೇ ಇಲ್ಲ. ಕೊರೋನಾ ಕಾಲದಿಂದ ನಮ್ಮ ಆರಾಧನೆ ಇಂಟರ್‌ನೆಟ್ಟಿನಲ್ಲಿ ನೇರವಾಗಿ ಹೋಗುತ್ತಿತ್ತು. ಕ್ಯಾಮೆರಾ ಕಂಬದ ಹತ್ತಿರ ಒಂದು ಸ್ಟ್ಯಾಂಡಿನ ಮೇಲಿರುತ್ತಿತ್ತು. ಯಾರು ನೋಡುತ್ತಾರೆ ಇದನ್ನ ಎಂದು ನಾನೇ ತಮಾಷೆ ಮಾಡುತ್ತಿದ್ದೆ.

ಆವತ್ತು ಸಂಜೆ ಶಾಂತಾಳ ಫೋನ್ ಬಂತು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

‘ಪಾಸ್ಟರ್, ನಾನು ನಿಮಗೆ ಹೇಳಿದ್ದು. ಸಭೆಗಲ್ಲ.’

‘ನಾ ದೇವರಿಗೆ ಹೇಳಿದೆನವಾ.’

‘ದೇವರಿಗೆ ಹೇಳೋಕೆ ಮೈಕ್ ಯಾಕೆ ಬೇಕಿತ್ತು?’

ಇಷ್ಟು ವರ್ಷಗಳ ಸೇವೆಯಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ‘ರೆಕಾರ್ಡಿಂಗ್ ಡಿಲೀಟ್ ಮಾಡಿಸಿದೀನಿ’ ಅಂದಳು. ‘ಅಮ್ಮ ಲೈವ್ ನೋಡಲ್ಲ, ಆ ಟೈಮಿಗೆ ಅವಳು ಸಂಜೆ ಚರ್ಚಲ್ಲಿರ್ತಾಳೆ. ಬಂದ್ಮೇಲೆ ನೋಡ್ತಾಳೆ, ನನ್ನ ತಲೆ ಕಾಣತ್ತಲ್ಲ ಮೂರನೇ ಸಾಲಲ್ಲಿ, ಅದಕ್ಕೆ. ಈ ವಾರ ವಿಡಿಯೋ ಕೆಟ್ಟುಹೋಯ್ತು ಅಂತ ಹೇಳಿದೀನಿ. ಸದ್ಯ, ಬಚಾವು.’

ಮರುದಿನ ಇಂಗ್ರಿಡ್ ನನ್ನನ್ನು ಕರೆದರು. ಬನ್ ಇರಲಿಲ್ಲ. ಆಗಲೇ ನನಗೆ ಗೊತ್ತಾಯಿತು. ಸಭಾಪಾಲಕನಿಗೆ ಯಾರಾದರೂ ಒಳಗಿನ ಮಾತು ಹೇಳಿದರೆ ಅದು ಅವನೊಂದಿಗೇ ಮಣ್ಣಾಗಬೇಕು, ಅವರಾಗಿ ಬಿಡುಗಡೆ ಕೊಟ್ಟರೆ ಮಾತ್ರ ಬಾಯಿಬಿಡಬಹುದು, ಇದು ನಿಯಮ ಅಂದರು. ‘ಹೆಂಡತಿಗೆ?’ ಎಂದು ಕೇಳಿದೆ. ಮೂವತ್ತು ವರ್ಷ ಸಭೆಯ ಒಂದೊಂದು ಸಂಗತಿಯನ್ನೂ ನಾನು ಕರುಣಾಳ ಕಿವಿಗೆ ಹಾಕಿಯೇ ಮಲಗುತ್ತಿದ್ದೆ. ಇಂಗ್ರಿಡ್ ‘ಹೆಂಡತಿಗೂ ಇಲ್ಲ’ ಅಂದರು. ‘ಸ್ವಲ್ಪ ಯೋಚಿಸಬಹುದೇನೋ’ ಅನ್ನಲಿಲ್ಲ. ನಾನು ಆ ಕೋಣೆಯಲ್ಲೇ, ಇನ್ನು ಮೇಲೆ ಬಾಯಿಗೆ ಬೀಗ ಎಂದು ಪ್ರಮಾಣ ಮಾಡಿದೆ. ವಿಜ್ಞಾಪನೆಯ ಹೊತ್ತಿಗೆ ಕ್ಯಾಮೆರಾದ ಧ್ವನಿ ಬಂದ್ ಮಾಡುವುದೆಂದೂ, ಹೆಸರು ಹೇಳುವ ಪದ್ಧತಿ ಇನ್ನಿಲ್ಲವೆಂದೂ ತೀರ್ಮಾನವಾಯಿತು. ‘ನಮ್ಮಲ್ಲಿ ಕಾಯಿಲೆಯಿಂದಿರುವವರು’ ಅಂದರೆ ಸಾಕು. ಆಮೇಲೆ ಒಂದೆರಡು ನಿಮಿಷ ಯಾರು ಬೇಕಾದರೂ ತಮ್ಮ ತಮ್ಮ ಭಾಷೆಯಲ್ಲಿ ಪ್ರಾರ್ಥಿಸಬಹುದು.

ಪ್ರಮಾಣ ಮಾಡಿ ಒಂದು ದಿನ ಕಳೆದಿತ್ತೋ ಇಲ್ಲವೋ, ಮಂಗಳವಾರ ಭಾರತದಿಂದ ಫೋನ್ ಬಂತು.

‘ಅಯ್ಯನವರ, ನಾ ಶಾಂತಾನ ಅವ್ವ, ಸುಲೋಚನಾಬಾಯಿ ಮಾತಾಡಾಕತ್ತೀನಿ.’

ಈ ತಾಯಿ ಧಾರವಾಡದ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ‘ಅವತ್ತ ಮೊಣಕಾಲು ನೋಯ್ತಿತ್ತು, ಸಂಜಿ ಚರ್ಚಿಗೆ ಹೋಗಲಿಲ್ಲರಿ’ ಅಂದರು. ‘ಫೋನ್‌ನ್ಯಾಗ ನಿಮ್ಮ ಆರಾಧನಿ ಹಚ್ಚಿದ್ದೆ. ನೀವು ಪ್ರಾರ್ಥನಿ ಮಾಡಿದ್ದು ಕೇಳಿದೆ.’

ನಾನು ಕ್ಷಮಿಸಿರಿ ಎಂದು ಏನೇನೋ ತೊದಲಿದೆ. ಅವರು ತಡೆದರು. ‘ಕ್ಷಮಾ ಇರಲಿ. ನನಗ ಗೊತ್ತಾಗೇದ ಅಂತ ಅಕಿಗೆ ಹೇಳಬ್ಯಾಡ್ರಿ. ಗೊತ್ತಾತು ಅಂದ್ರ ಅಕಿ ತನ್ನ ಬ್ಯಾನಿ ಬಿಟ್ಟು ನನ್ನ ಬ್ಯಾನಿ ನೋಡ್ಕೋಂತ ಕೂಡ್ತಾಳ. ಈಗ ಅಕಿ ತನ್ನಷ್ಟಕ್ಕ ತಾ ನೋಡಿಕೊಳ್ಳಲಿ. ಮಾತು ಕೊಡ್ರಿ ಅಯ್ಯನವರ.’

ಕೊಟ್ಟೆ. ಕೊಡದೆ ಇನ್ನೇನು ಮಾಡಲಿ? ಮಗಳಿಗೆ ಕೊಟ್ಟ ಮಾತು ತಾಯಿಗೆ ಗೊತ್ತಾಗಬಾರದೆಂದು. ತಾಯಿಗೆ ಕೊಟ್ಟ ಮಾತು, ಗೊತ್ತಾಗಿರುವುದು ಮಗಳಿಗೆ ಗೊತ್ತಾಗಬಾರದೆಂದು. ಇವೆರಡರ ನಡುವೆ ನಾನು. ಸತ್ಯ ಹೇಳಿಬಿಡಲೇ ಎಂದು ಇಂಗ್ರಿಡ್ ಅವರನ್ನು ಕೇಳೋಣವೆಂದರೆ ಅವರಿಗೂ ಹೇಳುವಂತಿಲ್ಲ. ಮೊದಲ ಸಲ ಕರುಣಾಳಿಗೂ ಹೇಳುವಂತಿರಲಿಲ್ಲ. ‘ಯಾರದು ಫೋನು?’ ಎಂದು ಅವಳು ಕೇಳಿದಾಗ ‘ಮಂಡಳಿ ಕೆಲಸದ್ದು’ ಅಂದೆ. ಮೂವತ್ತು ವರ್ಷದಲ್ಲಿ ಅವಳಿಗೆ ಹೇಳಿದ ಮೊದಲ ಸುಳ್ಳು ಎಂದು ಬರೆಯಬೇಕೆಂದಿದೆ, ಆದರೆ ಅದೂ ಸುಳ್ಳಾಗುತ್ತದೆ. ಮೊದಲ ದೊಡ್ಡ ಸುಳ್ಳು ಅನ್ನಬಹುದು.

ಅಲ್ಲಿಂದ ಪ್ರತಿ ಮಂಗಳವಾರ ಸುಲೋಚನಾಬಾಯಿ ಫೋನ್ ಮಾಡುತ್ತಿದ್ದರು. ನಾನು ಬಾಲ್ಕನಿಗೆ ಹೋಗಿ, ಗಾಜಿನ ಬಾಗಿಲು ಎಳೆದುಕೊಂಡು, ಚಳಿಯಲ್ಲಿ ನಿಂತು ಮಾತಾಡುತ್ತಿದ್ದೆ. ಮಾತಾಡುತ್ತಿದ್ದವರು ಅವರೇ. ‘ಹೆಂಗಿದಾಳ್ರೀ?’ ಅಂದರೆ ‘ಅದನ್ನ ನಾ ಹೇಳಂಗಿಲ್ರಿ’ ಅನ್ನುತ್ತಿದ್ದೆ. ಅವರು ಬೇಸರಿಸಿಕೊಳ್ಳುತ್ತಿರಲಿಲ್ಲ.

‘ನೀವು ಹೇಳಬ್ಯಾಡ್ರಿ. ನಾ ಹೇಳ್ತೀನಿ ಕೇಳ್ರಿ. ಈ ಭಾನುವಾರ ಅಕಿ ಗೋಡಿಗೆ ಒರಗಿ ಕೂತಿದ್ಲು. ಹಾಡಿಗೆ ಎದ್ದು ನಿಂದರಲಿಲ್ಲ. ಕಾಲು ಸೋತಾವ. ಮೂರನೇ ಡೋಸ್ ಆಗಿರಬೇಕು. ಬಾಯಾಗ ಹುಣ್ಣಾಗಿರತಾವ, ಉಪ್ಪಿನ ನೀರು ಮುಕ್ಕಳಿಸು ಅಂತ ಯಾರರ ಹೇಳ್ಯಾರೋ ಇಲ್ಲೋ.’

ನಾನು ಸುಮ್ಮನಿರುತ್ತಿದ್ದೆ. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಯಾವ ಪಾಠಶಾಲೆಯಲ್ಲೂ ಕಲಿಸಿರಲಿಲ್ಲ. ಮರುದಿನ ಶಾಂತಾಳಿಗೆ ಯಾರೋ ಹೇಳಿದ ಹಾಗೆ ಉಪ್ಪಿನ ನೀರಿನ ಸಂಗತಿ ಹೇಳಬಹುದೇ? ಹೇಳಿದರೆ ಮಾತು ಮುರಿದ ಹಾಗೋ ಅಲ್ಲವೋ? ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಹೇಳದೆ ಬಿಟ್ಟೆ. ಅವಳ ಬಾಯಿ ಹುಣ್ಣಾಗಿದ್ದು ನಿಜ. ಆ ವಾರ ಅವಳು ಕಾಫಿ ಮುಟ್ಟಲಿಲ್ಲ. ಅದನ್ನು ನೋಡಿ ನನಗೆ ನನ್ನ ಮೇಲೇ ಸಿಟ್ಟು ಬಂತು.

ಶಾಂತಾ ನಡುವೆ ಎರಡು ವಾರ ಸಭೆಗೆ ಬಂದಿರಲಿಲ್ಲ. ಆಮೇಲೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದಳು. ‘ನಿಮ್ಮ ಪ್ರಸಂಗ ಕೇಳೋಕೆ ಬರ್ತಿದೀನಿ ಅಂದ್ಕೋಬೇಡಿ ಪಾಸ್ಟರ್’ ಅಂದಳು ಮುಖಕ್ಕೇ. ‘ನಾನು ಕಾಣದಿದ್ರೆ ಅಮ್ಮನಿಗೆ ಡೌಟ್ ಬರತ್ತೆ. ಆದ್ರೆ ಕ್ಯಾಮೆರಾ ಸ್ವಲ್ಪ ದೂರಕ್ಕಿಡಿ. ತಲೆ ಕಂಡ್ರೆ ಸಾಕು, ಮುಖ ಬೇಡ.’ ಆಯಿತು ಎಂದು ಸ್ಟ್ಯಾಂಡನ್ನು ಹಿಂದಕ್ಕೆ ಎಳೆದೆ. ಮಂಗಳವಾರ ಸುಲೋಚನಾಬಾಯಿ, ‘ಅಯ್ಯನವರ, ಕ್ಯಾಮೆರಾ ಯಾಕ ಅಷ್ಟು ದೂರ ಇಟ್ಟೀರಿ? ಅಕಿ ಮಾರಿ ಕಾಣಂಗಿಲ್ಲ. ಸ್ವಲ್ಪ ಮುಂದ ತರ್ರಿ’ ಅಂದರು. ಮುಂದಿನ ವಾರ ಮುಂದಕ್ಕೆ ತಂದೆ. ಶಾಂತಾ ದುರುಗುಟ್ಟಿ ನೋಡಿದಳು. ಆಮೇಲಿನ ವಾರ ನಡುವೆ ಇಟ್ಟೆ. ಅಡ್ಡಡ್ಡಲಾಗಿ ಅರ್ಧ ಶಾಂತಾ, ಅರ್ಧ ಕಂಬ ಕಾಣುತ್ತಿತ್ತು. ಇಬ್ಬರೂ ಬಯ್ದರು. ಕೊನೆಗೆ ಮಂಡಳಿಯ ಸಭೆಯಲ್ಲಿ ಕ್ಯಾಮೆರಾ ವಾರವಾರ ಯಾಕೆ ಓಡಾಡುತ್ತಿದೆ ಎಂಬುದು ಚರ್ಚೆಗೇ ಬಂತು. ‘ಬೆಳಕು ಸರಿಯಿರಲಿಲ್ಲ’ ಅಂದೆ. ಇಂಗ್ರಿಡ್ ಬನ್ನಿನ ತಟ್ಟೆ ನನ್ನ ಕಡೆ ಸರಿಸಿದರು. ನಾನು ತಿನ್ನಲಿಲ್ಲ.

ಆ ವರ್ಷ ನಾನು ಸಣ್ಣಗಾದೆ. ಊಟ ಸೇರುತ್ತಿರಲಿಲ್ಲ. ಪ್ರಸಂಗ ಸಿದ್ಧಪಡಿಸಲು ಕೂತರೆ, ಸತ್ಯವು ನಿಮ್ಮನ್ನು ಬಿಡುಗಡೆ ಮಾಡುವುದು ಎಂಬ ವಾಕ್ಯವೇ ಕಣ್ಣಿಗೆ ಬೀಳುತ್ತಿತ್ತು, ಪುಟ ಮಗುಚುತ್ತಿದ್ದೆ. ನಾನು ಮಾಡಿದ ತಪ್ಪಿಗೆ ಇದು ಶಿಕ್ಷೆಯೋ, ಅಥವಾ ಇದೇ ನಿಜವಾದ ಕೆಲಸವೋ? ಹಾಗಾದರೆ ಇಷ್ಟು ವರ್ಷ ನಾನು ಮಾಡಿದ್ದೇ ಏನು? ಬರೀ ಊರ ಸುದ್ದಿ ದೇವರಿಗೆ ಮುಟ್ಟಿಸಿದೆನೇ?

ಚಿಕಿತ್ಸೆ ಫಲಿಸಿತು. ಅದನ್ನು ಬೇಗ ಹೇಳಿಬಿಡುತ್ತೇನೆ, ಓದುವವರು ಕಂಗಾಲಾಗುವುದು ಬೇಡ. ಆಪರೇಷನ್ ಆಯಿತು, ಕಿರಣ ಚಿಕಿತ್ಸೆ ಆಯಿತು, ಡಿಸೆಂಬರ್ ಹೊತ್ತಿಗೆ ಡಾಕ್ಟರು ಸದ್ಯಕ್ಕೆ ಏನೂ ಇಲ್ಲ ಅಂದರು. ಸ್ಕಾರ್ಫಿನ ಕೆಳಗೆ ಅರ್ಧ ಬೆರಳಿನಷ್ಟು ಕೂದಲು ಬಂತು. ಸುದ್ದಿ ತಿಳಿಸಲು ಬಂದ ಶಾಂತಾ ಮೊದಲ ಸಲ ನನ್ನೆದುರು ಅತ್ತಳು, ನಾನೂ ಅತ್ತೆ. ಆ ಮಂಗಳವಾರ ಸುಲೋಚನಾಬಾಯಿ ‘ಹೆಂಗಿದಾಳ್ರೀ?’ ಅಂದಾಗ ನನ್ನ ಬಾಯಿ ತೆರೆದೇಬಿಟ್ಟಿತ್ತು. ಹಲ್ಲು ಕಚ್ಚಿ ಹಿಡಿದೆ. ‘ಹೇಳಂಗಿಲ್ರಿ’ ಅಂದೆ. ‘ಇರಲಿ ಬಿಡ್ರಿ’ ಅಂದರು ಆ ತಾಯಿ, ‘ನಿಮ್ಮ ದನಿಯಾಗ ತಿಳೀತು.’ ಫೋನಿನ ಆ ಕಡೆ ಅವರು ‘ಸ್ತೋತ್ರ, ಸ್ತೋತ್ರ’ ಎಂದು ಅಳುತ್ತಿದ್ದುದು ಕೇಳಿಸಿತು. ದನಿಯನ್ನೂ ಮುಚ್ಚಿಡಬೇಕೆಂದು ನಿಯಮದಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ವಸಂತ ಕಾಲದಲ್ಲಿ ತಾಯಿ ಮಗಳನ್ನು ನೋಡಲು ಉಪ್ಸಾಲಾಕ್ಕೆ ಬಂದರು. ನನ್ನ ಸೇವೆ ಮುಗಿಯಲು ಆಗ ಎರಡು ತಿಂಗಳಿತ್ತು. ಶನಿವಾರ ಇಬ್ಬರನ್ನೂ ಊಟಕ್ಕೆ ಕರೆದಿದ್ದೆವು. ಕರುಣಾ ರೊಟ್ಟಿ, ಬದನೆಕಾಯಿ ಎಣಗಾಯಿ ಮಾಡಿದ್ದಳು. ಶಾಂತಾಳಿಗೆ ಕಾಯಿಲೆಯಾಗಿದ್ದು ಆ ಪ್ರಾರ್ಥನೆಯ ದಿನದಿಂದ ಕರುಣಾಳಿಗೂ ಗೊತ್ತು. ತಾಯಿಯೆದುರು ಅದನ್ನು ಎತ್ತಬಾರದೆಂದು ಶಾಂತಾಳೇ ಅವಳಿಗೆ ಹೇಳಿದ್ದಳು.

‘ಕೂದಲಾ ಯಾಕ ಇಷ್ಟು ಗಿಡ್ಡ ಕತ್ತರಿಸಿಕೊಂಡಿಯವಾ?’ ಅಂದರು ಸುಲೋಚನಾಬಾಯಿ ರೊಟ್ಟಿ ಮುರಿಯುತ್ತಾ.

‘ಇಲ್ಲಿ ಎಲ್ಲಾರೂ ಹಿಂಗ ಮಾಡಿಸ್ತಾರ ಅವ್ವಾ. ಫ್ಯಾಷನ್ನು.’

‘ಛಂದ ಕಾಣತದ.’

ಇಬ್ಬರ ಮುಖದಲ್ಲೂ ಒಂದು ಗೆರೆ ಅಲ್ಲಾಡಲಿಲ್ಲ. ನನಗೆ ಮಾತ್ರ ಬದನೆಕಾಯಿ ಗಂಟಲಲ್ಲಿ ಸಿಕ್ಕಿಕೊಂಡಿತು, ನೀರು ಕುಡಿದು, ಕೆಮ್ಮಿ, ಎದ್ದು ಹೋದೆ.

ಮರುದಿನ ಭಾನುವಾರ. ಮೂರನೇ ಸಾಲಿನಲ್ಲಿ ತಾಯಿ, ಮಗಳು, ಅವರ ಪಕ್ಕ ಕರುಣಾ. ವಿಜ್ಞಾಪನೆ ಬಂತು. ಕ್ಯಾಮೆರಾದ ಧ್ವನಿ ಬಂದ್ ಆಯಿತು. ‘ನಮ್ಮಲ್ಲಿ ಕಾಯಿಲೆಯಿಂದಿರುವವರಿಗಾಗಿ, ಗುಣ ಹೊಂದಿದವರಿಗಾಗಿ’ ಎಂದು ಹೆಸರಿಲ್ಲದ ಪ್ರಾರ್ಥನೆ ಮಾಡಿ, ಇನ್ನು ಯಾರು ಬೇಕಾದರೂ ಪ್ರಾರ್ಥಿಸಬಹುದು ಎಂದು ತಲೆ ಬಗ್ಗಿಸಿ ನಿಂತೆ. ಘಾನಾದ ಹಿರಿಯರೊಬ್ಬರು ತಮ್ಮ ಭಾಷೆಯಲ್ಲಿ ಪ್ರಾರ್ಥಿಸಿದರು. ಇನ್ನಾರೋ ಫಾರ್ಸಿಯಲ್ಲಿ. ಆಮೇಲೆ ಮೂರನೇ ಸಾಲಿನಿಂದ ಧಾರವಾಡದ ಕನ್ನಡ ಎದ್ದಿತು.

‘ಕರ್ತನೇ, ನನ್ನ ಮಗಳು ಶಾಂತಾಗ ದೊಡ್ಡ ಬ್ಯಾನಿ ಬಂದಿತ್ತು. ಅಕಿ ನನಗ ಹೇಳಲಿಲ್ಲ. ನನಗ ಗೊತ್ತಿತ್ತು, ನಾ ಅಕಿಗೆ ಕೇಳಲಿಲ್ಲ. ಅಕಿ ಅಪ್ಪನ ಹಣೀ ಮ್ಯಾಲೆ ಕೈ ಇಟ್ಟಂಗ ಅಕಿ ಹಣೀ ಮ್ಯಾಲೆ ನನಗ ಕೈ ಇಡಲಿಕ್ಕಾಗಲಿಲ್ಲ. ಫೋನ್‌ನ್ಯಾಗ ಕಂಡಾಗ ಆ ಗಾಜಿನ ಮ್ಯಾಲೆ ಇಟ್ಟೀನಿ. ನೀ ನೋಡೀ. ಅಕಿ ಉಳದಾಳ, ನಿನಗ ಸ್ತೋತ್ರ. ನಾವಿಬ್ಬರೂ ಸುಳ್ಳು ಹೇಳಿದ್ದನ್ನ ಕ್ಷಮಿಸು. ಆಮೆನ್.’

ನಮ್ಮ ಜನ ಹೀಗೇ. ಎದುರಿಗೆ ಕೂತವರಿಗೆ ಹೇಳಲಾರದ್ದನ್ನು ಅವರಿಗೆ ಕೇಳಿಸುವ ಹಾಗೆ ದೇವರಿಗೆ ಹೇಳುತ್ತಾರೆ. ಇದು ಗೊತ್ತಿದ್ದೂ ನನಗೆ ಇದು ಬರುತ್ತದೆಂದು ಹೊಳೆದಿರಲಿಲ್ಲ. ಕಣ್ಣು ತೆರೆದೆ. ತೆರೆಯಬಾರದಿತ್ತು. ಶಾಂತಾ ತಲೆ ಬಗ್ಗಿಸಿಯೇ ಇದ್ದಳು. ಧಾರವಾಡ ಬಿಟ್ಟ ಮೇಲೆ ಅವಳು ಎಂದೂ ಸಭೆಯಲ್ಲಿ ಬಾಯಿಬಿಟ್ಟು ಪ್ರಾರ್ಥಿಸಿರಲಿಲ್ಲವಂತೆ. ಆವತ್ತು ಸಣ್ಣ ದನಿಯಲ್ಲಿ ಅಂದಳು:

‘ದೇವರೇ, ಅವ್ವಗ ಗೊತ್ತದ ಅಂತ ನನಗೂ ಗೊತ್ತಿತ್ತು. ಆಮೆನ್.’

ಸುಲೋಚನಾಬಾಯಿ ಕೈ ಎತ್ತಿ ಮಗಳ ಹಣೆಯ ಮೇಲೆ ಇಟ್ಟರು. ಸಭೆಯಲ್ಲಿ ಎಪ್ಪತ್ತು ಜನ ಇದ್ದಿರಬೇಕು. ಏನಾಯಿತೆಂದು ತಿಳಿದವರು ನಾಲ್ಕು ಜನ. ಮುಂದಿನ ಹಾಡಿನ ಸಂಖ್ಯೆ ಹೇಳುವುದನ್ನು ನಾನು ಮರೆತೇಬಿಟ್ಟೆ. ಪಿಯಾನೋದವರು ತಾವಾಗಿಯೇ ಶುರು ಮಾಡಿದರು.

ಆರಾಧನೆಯ ನಂತರ ಕಾಫಿಯ ಹೊತ್ತಿಗೆ ಇಂಗ್ರಿಡ್ ಬಂದು, ಆ ತಾಯಿಯ ಪ್ರಾರ್ಥನೆ ಬಹಳ ಚೆನ್ನಾಗಿತ್ತು, ಏನೆಂದು ಪ್ರಾರ್ಥಿಸಿದರು ಅಂದರು. ಹೇಳುವ ಹಾಗಿಲ್ಲ ಅಂದೆ. ಅವರು ತಲೆಯಾಡಿಸಿ, ನನ್ನ ತೋಳನ್ನು ಮೆಲ್ಲಗೆ ತಟ್ಟಿ ಹೋದರು. ನಾನು ಶಾಂತಾಳನ್ನು ಹುಡುಕಿ ಹಿಡಿದೆ. ನನಗೆ ಸಿಟ್ಟೇ ಬಂದಿತ್ತು.

‘ಯಾವಾಗಿಂದ ಗೊತ್ತಿತ್ತು ನಿನಗ?’

‘ಮೊದಲನೇ ವಾರದಿಂದಾನೇ. ದಿನಾ ಅಮ್ಮ ಏನು ಅಡುಗೆ ಮಾಡಿದೆ ಅಂತ ಕೇಳ್ತಿದ್ಲು. ಆ ವಾರದಿಂದ, ಹೊಟ್ಟೆಗೆ ಏನಾದ್ರೂ ಹೋಯ್ತಾ ಅಂತ ಕೇಳೋಕೆ ಶುರು ಮಾಡಿದ್ಲು. ಯಾರಾದ್ರೂ ಹೇಳಬೇಕಾ? ಕ್ಯಾಮೆರಾ ದೂರ ಇಡಿಸಿದ್ದೂ ಅದಕ್ಕೇ, ನನ್ನ ಮುಖ ನೋಡಿ ಅವಳು ಕೊರಗಬಾರದು ಅಂತ.’

‘ಹಂಗಿದ್ರ ನನಗ ಒಂದು ಮಾತು ಹೇಳಬಾರದಾ? ಒಂದು ವರ್ಷ ನಾ ಎಷ್ಟು ಒದ್ದಾಡೀನಿ ಗೊತ್ತದೇನು?’

ಶಾಂತಾ ಕಣ್ಣರಳಿಸಿದಳು. ‘ನಿಮಗಾ ಪಾಸ್ಟರ್? ನಿಮಗೆ ಹೇಳೋದಾ?’ ಅಂದು ನಕ್ಕಳು. ಸುಲೋಚನಾಬಾಯಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನೂ ನಕ್ಕೆ. ಆದರೆ ನೋವಾಯಿತು. ಜನ್ಮದಲ್ಲಿ ಒಂದೇ ಒಂದು ಸಲ ನಾನು ಬಾಯಿ ಮುಚ್ಚಿಕೊಂಡಿದ್ದೆ, ಅದನ್ನು ನಂಬುವವರು ಯಾರೂ ಇರಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಕರುಣಾ ಕಿಟಕಿಯ ಕಡೆ ಕೂತಳು.

‘ಅಂದ್ರ ಮಂಗಳವಾರ ಮಂಗಳವಾರ ಬಾಲ್ಕನಿಯಾಗ ನಿಂತು ಮಾತಾಡ್ತಿದ್ದದ್ದು ಆ ಬಾಯಾರ ಜೋಡಿ?’ ಅಂದಳು.

‘ಹೂಂ. ಹೇಳಂಗಿರಲಿಲ್ಲ. ನಿನಗೂ ಹೇಳಬಾರದಂತ ನಿಯಮ.’

‘ಬರೇ ಅದಾ?’

‘ಮತ್ತೇನು?’

ಅವಳು ನನ್ನ ಕಡೆ ತಿರುಗಿದಳು. ‘ನಿಮ್ಮ ಕೋಟಿನ ಜೇಬಿನ್ಯಾಗ ಆಸ್ಪತ್ರಿ ಪತ್ರ ಇತ್ತು. ಸ್ವೀಡಿಷ್ ನನಗ ಓದಲಿಕ್ಕೆ ಬರಂಗಿಲ್ಲ. ನೀವು ಸಣ್ಣಗಾದ್ರಿ. ಉಣ್ಣಲಿಲ್ಲ. ಎಲ್ಲಾ ಹೇಳೋರು ಹೇಳೂದು ನಿಲ್ಲಿಸಿದ್ರಿ. ಚಳಿಯಾಗ ನಿಂತು ಯಾರ ಜೋಡಿನೋ ಮಾತಾಡಿ, ಕಣ್ಣು ಕೆಂಪು ಮಾಡಿಕೊಂಡು ಒಳಗ ಬರ್ತಿದ್ರಿ. ನಿಮಗೂ ಕ್ಯಾನ್ಸರ್ ಬಂದದ, ನನ್ನಿಂದ ಮುಚ್ಚಿಡಾಕತ್ತೀರಿ ಅಂತ ತಿಳಕೊಂಡಿದ್ದೆ.’

‘ಅದು ಕಣ್ಣಿನ ತಪಾಸಣಿದು, ಪೊರಿ ಬಂದದೇನೋ ನೋಡಲಿಕ್ಕೆ ಕರದಿದ್ರು!’ ಅಂದೆ. ಬಸ್ಸಿನಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ ಅಂದಿರಬೇಕು. ‘ಕೇಳಬಾರದಿತ್ತೇನ ಕರುಣಾ? ಒಂದು ಮಾತು?’

‘ನೀವಾಗೇ ಹೇಳ್ತೀರಿ ಅಂತ ಕಾದೆ.’

ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು.

‘ಒಂದು ವರ್ಷ’ ಅಂದಳು, ‘ದಿನಾ ಮುಂಜಾನೆ ಬಚ್ಚಲಮನ್ಯಾಗ ನಿಂತು ನಿಮ್ಮ ಹೆಸರು ಹಿಡದು ಪ್ರಾರ್ಥನಿ ಮಾಡೀನಿ. ನಳ ಬಿಟ್ಟುಕೊಂಡು. ನಿಮಗ ಕೇಳಬಾರದಂತ.’